ನಾವಿದ್ದೀವಲ್ಲ

ಕಂಪನಿ ನಾಟಕದ ಡೇರೆಯ ಮೇಲೆ ಕುಳಿತಿದ್ದ ಗಿಳಿಯೊಂದು ನಾಯಕನ ಡೈಲಾಗು ಕಲಿತು ಆಲದಮರಕ್ಕೆ ಮರಳಿತು: "ತಲೆ ಕೆಡಿಸ್ಕೋಬೇಡಿ, ನಾವಿದ್ದೀವಲ್ಲ!" ಹಕ್ಕಿಗಳಿಗೆಲ್ಲ ಆ ಮಾತು ಹಿಡಿಸಿತು. ಕಾಳು ಸಿಕ್ಕರೂ, ಜಗಳವಾದರೂ, ಯಾರಾದರೂ ಸೀನಿದರೂ ಅದೇ ಮಾತು, ಅದೇ ನಗು.

ಆ ಮರದಲ್ಲಿ ಪಿಕಳಾರ ಹಕ್ಕಿಯೊಂದು ಮರಿ ಮಾಡಿತ್ತು. ಒಂದು ದಿನ ಅದು ನೆರೆಯವರನ್ನು ಕೇಳಿತು: "ಬುಡದಲ್ಲಿ ಹಾವು ಸುಳಿದಾಡುತ್ತಿದೆ. ಹುಳ ತರುವವರೆಗೆ ಮರಿಗಳ ಕಡೆ ನೋಡುವಿರಾ?"

"ತಲೆ ಕೆಡಿಸ್ಕೋಬೇಡಿ, ನಾವಿದ್ದೀವಲ್ಲ!" ಎಂದು ಇಡೀ ಮರ ಕೂಗಿತು.

ಪಿಕಳಾರ ಮರಳಿದಾಗ ಗೂಡು ಬರಿದಾಗಿತ್ತು. ಹಕ್ಕಿಗಳು ಮೇಲಿನ ಕೊಂಬೆಯಲ್ಲಿ ಹಣ್ಣು ತಿನ್ನುತ್ತಿದ್ದವು.

"ಇದ್ದೀವಿ ಎಂದಿರಲ್ಲ, ಎಲ್ಲಿದ್ದಿರಿ?"

ಗಿಳಿ ಮುಜುಗರಪಟ್ಟಿತು. "ತಾಯಿ, ಅದು ಸುಮ್ಮನೆ ಬಾಯಿಗೆ ಬರುವ ಮಾತು. ಎಲ್ಲರೂ ಹೇಳುತ್ತಾರೆ."

"ಎಲ್ಲರೂ ಹೇಳಿದಿರಿ, ಅದಕ್ಕೇ ನಂಬಿದೆ. ನಿಮ್ಮಲ್ಲಿ ಒಬ್ಬರು 'ಆಗುವುದಿಲ್ಲ' ಎಂದಿದ್ದರೂ ನಾನು ಗೂಡು ಬಿಟ್ಟು ಕದಲುತ್ತಿರಲಿಲ್ಲ. ನನ್ನ ಮರಿಗಳನ್ನು ತಿಂದದ್ದು ಹಾವು. ಅದಕ್ಕೆ ದಾರಿ ಬಿಟ್ಟದ್ದು ನಿಮ್ಮ ಮಾತು."

ಪಿಕಳಾರ ಬರಿಗೂಡಿನ ನಾರನ್ನು ಕಿತ್ತು ಕೊಕ್ಕಿನಲ್ಲಿ ಹಿಡಿದು, ಮಾತಿಲ್ಲದ ಮುಳ್ಳುಪೊದೆಯೊಂದನ್ನು ಹುಡುಕಿಕೊಂಡು ಹೋಯಿತು.