ಮಾಸ್ತರ ಹಿಡಿದು ತಂದ ಗ್ರಹಣ

“ಅಜ್ಜಾರ, ಹದಿನಾಲ್ಕು ವರ್ಷ ಎದಿಯೊಳಗ ಜ್ವಾಕಿ ಮಾಡಿಟ್ಟ ವಿದ್ಯಾ, ನಾಕು ಮಂದಿ ಮುಂದ ತಂದ್ರ ಕೆಡಂಗಿಲ್ಲೇನ್ರಿ?”

ಮಠದ ಗುರುಗಳನ್ನು ಹೀಗೆ ಕೇಳಿದವನು ನಿರುಪಾದಿ ಎಂಬ ಶಿಷ್ಯ. ತತ್ವಪದ ಹಾಡುವುದರಲ್ಲಿ ಅವನ ಸಮಕ್ಕೆ ಮಠದಲ್ಲಿ ಯಾರೂ ಇರಲಿಲ್ಲ. ಆದರೆ ಅವನ ಹಾಡು ಕೇಳಿದ್ದು ಮಠದ ಗೋಡೆಗಳು ಮಾತ್ರ. ಬರುವ ಸೋಮವಾರ ಪಕ್ಕದ ಊರಿನಲ್ಲಿ ಹಾಡಿ ಬಾ ಎಂದು ಗುರುಗಳು ಹೇಳಿದ್ದರು. ಹಾಗೆ ಹೇಳಿದ್ದು ಇದು ಎಂಟನೆಯ ಸಲ. ಒಮ್ಮೆ ಅವನ ಗಂಟಲು ಕಟ್ಟಿತ್ತು, ಒಮ್ಮೆ ತಂಬೂರಿಯ ತಂತಿ ಹರಿದಿತ್ತು. ಈ ಸಲ ನೆಪಗಳೆಲ್ಲ ಮುಗಿದು ಪ್ರಶ್ನೆಯೊಂದು ಉಳಿದಿತ್ತು.

ಗುರುಗಳು ತೊಗರಿಬೇಳೆಯಲ್ಲಿ ಹರಳು ಆರಿಸುತ್ತಿದ್ದರು. ಮೊರವನ್ನು ಪಕ್ಕಕ್ಕಿಟ್ಟು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಶಾಲಾ ಮಾಸ್ತರ ಇದ್ದ. ಅವನ ತಾಯಿ ಆ ಊರಿನ ಸೂಲಗಿತ್ತಿ. ಅರ್ಧ ಊರು ಅವಳ ಕೈಯಲ್ಲಿ ಹುಟ್ಟಿತ್ತು. ಹಾಗಾಗಿ ಗೌಡನೂ ಅವಳ ಮುಂದೆ ದನಿ ಎತ್ತುತ್ತಿರಲಿಲ್ಲ. ಮಗ ಮಾತ್ರ ಎತ್ತುತ್ತಿದ್ದ. ಓದಿದ ಮಗನಲ್ಲವೇ!

ಆ ಊರಿನ ಮೇಲೆ ಪೂರ್ಣ ಸೂರ್ಯಗ್ರಹಣ ಬಂತು. ಆ ಹೊತ್ತಿನಲ್ಲಿ ಯಾರೂ ಹೊಸ್ತಿಲು ದಾಟಬಾರದು ಎಂದು ಸೂಲಗಿತ್ತಿ ಹೇಳಿದಳು. ಊರು ಬಾಗಿಲು ಹಾಕಿಕೊಂಡಿತು. ಅವಳೂ ಸೊಸೆ ಮೊಮ್ಮಕ್ಕಳನ್ನು ಕಾಳಿನ ಕೋಣೆಗೆ ಸೇರಿಸಿ, ಒಳಗಿನಿಂದ ಚಿಲಕ ಹಾಕಿ, ಬಾಗಿಲ ಸಂದಿಗೆ ಹೊದೆಯುವ ಕೌದಿ ತುರುಕಿದಳು. ದೀಪ ಹಚ್ಚಿ, ನೀರು ತುಂಬಿದ ಅಗಲ ಪರಾತದಲ್ಲಿ ಒನಕೆ ನಿಲ್ಲಿಸಿ, ಅದು ಯಾವಾಗ ಬೀಳುತ್ತದೆ ಎಂದು ನೋಡುತ್ತ ಕುಳಿತಳು. ಒನಕೆ ಬಿದ್ದರೆ ಗ್ರಹಣ ಬಿಟ್ಟಿತು ಎಂದು ಲೆಕ್ಕ.

ಊರಿಗೆ ಊರೇ ಒಳಗೆ, ಮಾಸ್ತರನೊಬ್ಬ ಹೊರಗೆ. ಅವನ ಕೈಯಲ್ಲಿ ಕ್ಯಾಮೆರಾ ಇತ್ತು. ಕ್ಯಾಮೆರಾದಲ್ಲಿ, ಮುಂಬಯಿಯ ಗೆಳೆಯನೊಬ್ಬ ಕೊಟ್ಟ ಕಪ್ಪು ಬಿಳುಪಿನ ಸ್ಲೈಡ್ ರೀಲು ಇತ್ತು. ಸಾಧಾರಣ ರೀಲಿನಿಂದ ಕಾಗದದ ಮೇಲೆ ಫೋಟೋ ಅಚ್ಚು ಮಾಡುತ್ತಾರೆ. ಇದು ಹಾಗಲ್ಲ, ಇದರಲ್ಲಿ ರೀಲೇ ಚಿತ್ರ. ಹಿಂದಿನಿಂದ ದೀಪ ಬಿಟ್ಟರೆ ಗೋಡೆಯ ಅಗಲಕ್ಕೆ ಮೂಡುತ್ತದೆ.

“ನೀವು ನೋಡದ ಸೂರ್ಯನ್ನ ಸಾಲಿ ಗ್ವಾಡಿ ಮ್ಯಾಲ ತಂದು ನಿಲ್ಲಸ್ತೀನಿ” ಎಂದು ಮಾಸ್ತರ ಶಾಲೆಯ ಮಕ್ಕಳಿಗೆ ಮಾತು ಕೊಟ್ಟಿದ್ದ. ತಾಯಿಗೂ ಅದನ್ನೇ ಹೇಳಿದ್ದ.

“ಸತ್ತ ಸೂರ್ಯನ ಮಾರಿ ಯಾರು ನೋಡ್ತಾರ? ಹೋಗೋ” ಎಂದಿದ್ದಳು ತಾಯಿ.

ಸೂರ್ಯ ಪೂರ್ತಿ ಮುಚ್ಚಿದ್ದು ಎರಡೇ ನಿಮಿಷ. ಅಷ್ಟರಲ್ಲಿ ಕಂಡದ್ದನ್ನು ಹೇಳಲು ಮಾಸ್ತರನಿಗೆ ಮಾತು ಸಾಲಲಿಲ್ಲ. ತೊದಲಿ ಹೇಳಿದಷ್ಟನ್ನು ಊರು ನಂಬಲಿಲ್ಲ. ಮಾಸ್ತರ ಬುರುಡೆ ಬಿಡುತ್ತಾನೆ ಎಂದರು. ಅಂಥ ಗ್ರಹಣ ಆ ಊರಿಗೆ ಮತ್ತೆ ಬರುವಷ್ಟರಲ್ಲಿ ಅವರ ಮರಿಮಕ್ಕಳೂ ಇರುವುದಿಲ್ಲ. ಸಾಕ್ಷಿ ಎಂದು ಇದ್ದದ್ದು ಆ ಒಂದು ರೀಲು.

ಮಾಸ್ತರ ಅದನ್ನು ತೊಳೆಸಿ ಚಿತ್ರ ಮೂಡಿಸಲು ಹೊರಟ. ತಾಲೂಕಿನ ಸ್ಟುಡಿಯೋದವನು ಅಂಥ ರೀಲನ್ನು ಕಣ್ಣಲ್ಲೇ ಕಂಡಿರಲಿಲ್ಲ. ಜಿಲ್ಲೆಯವನು ಕಂಡಿದ್ದ, ತೊಳೆಯಲು ಬರುತ್ತಿರಲಿಲ್ಲ. ದೊಡ್ಡ ಪಟ್ಟಣದ ಲ್ಯಾಬಿನವರು ತೊಳೆಯುತ್ತಿದ್ದರು, ಹೋದ ವರ್ಷದ ತನಕ. ಈಗ ಎಲ್ಲರಿಗೂ ಬಣ್ಣವೇ ಬೇಕು ಎಂದು ಕೈಯಲ್ಲಾಡಿಸಿದರು. ರೀಲು ತೊಳೆಯುತ್ತಿದ್ದ ತೊಟ್ಟಿಯಲ್ಲಿ ತುಳಸಿ ಬೆಳೆಸಿದ್ದರು. ಬೇಕಾದರೆ ಸಾಧಾರಣ ರೀಲಿನಂತೆ ತೊಳೆದು ಅಂಗೈ ಅಗಲದ ಫೋಟೋ ಮಾಡಿಕೊಡುತ್ತೇವೆ ಎಂದರು. ಅಂಗೈ ಅಗಲದ ಸೂರ್ಯನನ್ನು ನನ್ನ ಊರು ನಂಬುವುದಿಲ್ಲ ಎಂದು ಮಾಸ್ತರ ಎದ್ದು ಬಂದ. ಮುಂದೆ ನಾಲ್ಕು ಊರುಗಳ ಲ್ಯಾಬುಗಳಿಗೆ ಪತ್ರ ಬರೆದ. ಮೂರು ಪತ್ರ ವಿಳಾಸದಾರರಿಲ್ಲ ಎಂದು ಹಿಂದಕ್ಕೆ ಬಂದವು. ನಾಲ್ಕನೆಯದಕ್ಕೆ, ಲ್ಯಾಬು ಮುಚ್ಚಿದೆ ಎಂದು ಉತ್ತರ ಬಂತು.

ಹೀಗೆ ಒಂದು ವರ್ಷವಾಯಿತು. ರೀಲು ಡಬ್ಬಿಯಲ್ಲಿ, ಡಬ್ಬಿ ಕರಿ ಬಟ್ಟೆಯಲ್ಲಿ, ಬಟ್ಟೆ ಟ್ರಂಕಿನಲ್ಲಿ. ತೊಳೆಯುವ ಮೊದಲು ಬೆಳಕು ತಾಗಿದರೆ ಚಿತ್ರ ಅಳಿದಂತೆ, ಅದಕ್ಕೆ ಟ್ರಂಕು ಇದ್ದ ಮೂಲೆಯಲ್ಲಿ ದೀಪ ಹಚ್ಚಲೂ ಮಾಸ್ತರ ಬಿಡುತ್ತಿರಲಿಲ್ಲ. ನಾನು ಬಾಣಂತಿಯರನ್ನೂ ಹೀಗೆ ಕಾದವಳಲ್ಲ ಎಂದು ತಾಯಿ ನಗುತ್ತಿದ್ದಳು. ಆದರೆ ತೊಳೆಯದ ರೀಲು ಕಾದಷ್ಟೂ ಮಂಕಾಗುತ್ತದೆ. ಮಾಸ್ತರನಿಗೆ ಅದು ಗೊತ್ತಿತ್ತು. ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಕೊನೆಗೆ ಮುಚ್ಚಿದ ಲ್ಯಾಬೊಂದರ ಮುದುಕನ ಮನೆ ಸಿಕ್ಕಿತು. ಅವನು ಆಡು ಸಾಕಿಕೊಂಡಿದ್ದ. ಹಿಂದೆ ಚಿತ್ರ ತೊಳೆಯುತ್ತಿದ್ದ ಬಿಳಿ ಟ್ರೇಗಳಲ್ಲಿ ಆಡುಗಳು ನೀರು ಕುಡಿಯುತ್ತಿದ್ದವು.

“ನನ್ನ ಕೈ ನಡಗತಾವ್ರಿ ಮಾಸ್ತರ, ಕತ್ತಲದಾಗ ಇವನ್ನ ನಂಬಬಾರದು” ಎಂದ ಮುದುಕ. “ನೀವ ತೊಳೀರಿ. ನಾ ಬರದು ಕೊಡ್ತೀನಿ.”

ರೀಲು ತೊಳೆಯುವ ಪುಡಿಗಳ ಪೊಟ್ಟಣ ಕಟ್ಟಿಕೊಟ್ಟ. ಒಂದು ಹಾಳೆಯಲ್ಲಿ ಏಳು ಕೆಲಸ ಬರೆದುಕೊಟ್ಟು, ಬಿಡಿಸಿ ಹೇಳಿದ. ಮೊದಲ ತೊಳೆತಕ್ಕೆ ಹುಟ್ಟುವುದು ತಿರುವುಮುರುವಾದ ಚಿತ್ರ, ಬೆಳಕಿದ್ದಲ್ಲಿ ಕಪ್ಪು. ಅದನ್ನು ಉಳಿಸಿಕೊಳ್ಳಬಾರದು. ಬಾವಿಗೆ ಹಾಕುವ ನೇರಳೆ ಹರಳಿನ ನೀರಿಗೆ ಚೂರು ಆಸಿಡ್ ಬೆರೆಸಿ, ಅದನ್ನು ಕರಗಿಸಿಬಿಡಬೇಕು. ಆಮೇಲೆ ರೀಲಿನಲ್ಲಿ ಉಳಿಯುವುದು, ಎಂದೂ ಬೆಳಕು ಕಾಣದ ಭಾಗ. ಅದಕ್ಕೆ ಬೆಳಕು ತೋರಿಸಿ ಮತ್ತೆ ತೊಳೆದರೆ ನಿಜವಾದ ಚಿತ್ರ ಏಳುತ್ತದೆ. ತೋರಿಸದಿದ್ದರೆ ಏನೂ ಏಳುವುದಿಲ್ಲ, ಬೋಳು ಪಟ್ಟಿ ಉಳಿಯುತ್ತದೆ. ತೋರಿಸಲು ತಡಮಾಡಿದರೂ ಕೇಡೇ, ನೆಂದ ಪದರ ಮೆತ್ತಗಾಗಿ ಕಳಚಿಕೊಳ್ಳುತ್ತದೆ.

“ಬ್ಯಾರೇದು ಏನು ಮರತ್ರೂ ಐದನೇದು ಮರೀಬ್ಯಾಡ್ರಿ” ಎಂದು ಕಳಿಸಿಕೊಟ್ಟ.

ರವಿವಾರ ಮಧ್ಯಾಹ್ನ ಮಾಸ್ತರ ಅದೇ ಕಾಳಿನ ಕೋಣೆ ಹೊಕ್ಕ. ಅದೇ ಚಿಲಕ ಹಾಕಿದ. ಅದೇ ಕೌದಿಯನ್ನು ಅದೇ ಸಂದಿಗೆ ತುರುಕಿದ. ಕಗ್ಗತ್ತಲಲ್ಲಿ ಗಡಿಯಾರ ಕಾಣುವುದಿಲ್ಲ, ಅದಕ್ಕೆ ಮಗ್ಗಿ ಹೇಳುತ್ತ ಹೊತ್ತು ಅಳೆದ. ಏಳರ ಮಗ್ಗಿಯಿಂದ ಹದಿನೇಳರ ಮಗ್ಗಿಗೆ ಒಂದನೆಯ ಕೆಲಸ ಮುಗಿಯಿತು. ಎರಡು, ಮೂರು, ನಾಲ್ಕು ಮುಗಿದವು. ಬೆರಳೊಂದೂ ತಪ್ಪಲಿಲ್ಲ.

ಐದನೆಯದನ್ನು ಮುದುಕ ಹೀಗೆ ಬರೆದಿದ್ದ: ‘ಬಾಗಿಲು ತೆರೆದು ರೀಲನ್ನು ಬೆಳಕಿಗೆ ಹಿಡಿಯಿರಿ. ಹೆದರಬೇಡಿ.’

ಮಾಸ್ತರನ ಕೈ ಚಿಲಕದ ತನಕ ಹೋಗಿ ಹಿಂದಕ್ಕೆ ಬಂತು. ಇಡೀ ವರ್ಷ ಬೆಳಕು ತಾಗದಂತೆ ಕಾದ ರೀಲು ಅದು. ಮುದುಕನ ನೆನಪು ತಪ್ಪಿದ್ದರೆ? ತಿರುವುಮುರುವಾದ ಚಿತ್ರ ಪೂರ್ತಿ ಕರಗಿರದಿದ್ದರೆ? ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ಅವನು ಹತ್ತೊಂಬತ್ತರ ಮಗ್ಗಿ ಹೇಳಿದ. ಮತ್ತೆ ಹೇಳಿದ. ಪದರ ಮೆತ್ತಗಾಗುತ್ತಿದೆ ಎಂದು ತಿಳಿದೂ ಮೂರನೆಯ ಸಲ ಹೇಳಿದ. ಹಗಲಲ್ಲಿ ಕತ್ತಲಾದಾಗ ಹೆದರದಿದ್ದವನು ಈಗ ಹಗಲಿಗೇ ಹೆದರಿ ಕುಳಿತ.

ಹೊರಗಿನಿಂದ ತಾಯಿ ಬಾಗಿಲು ಬಡಿದಳು. “ಯಾಕೋ, ಒಳಗ ಗ್ರಹಣ ಹಿಡದೈತೇನು?”

“ಅವ್ವಾ, ಎಲ್ಲಾ ಮುಗದೈತಿ. ಇನ್ನ ಬೆಳಕಿಗೆ ತರೂದೊಂದ ಬಾಕಿ. ತಂದ್ರ ಹೋಗಿಬಿಟ್ರ?”

ಸೂಲಗಿತ್ತಿ ನಗಲಿಲ್ಲ. “ನಲವತ್ತು ವರ್ಷ ನಾ ಮಾಡಿದ್ದು ಇದ ಕೆಲಸ. ಕತ್ತಲದಾಗ ಬೆಳದದ್ದು ದಿನಾ ತುಂಬೂ ತನಕ ಒಳಗ ಇರಬೇಕು. ತುಂಬಿದ ಮ್ಯಾಲ ಅಂಜಿ ಒಳಗ ಇಟಗೊಂಡ್ರ ಕೂಸು ಉಳಿಯಂಗಿಲ್ಲ. ಹೊರಗಿಂದ ನನಗ ತಗ್ಯಾಕ ಬರಂಗಿಲ್ಲೋ, ಚಿಲಕ ನಿನ್ನ ಕಡೆ ಐತಿ.”

ಮಾಸ್ತರ ಚಿಲಕ ತೆಗೆದ.

ಬೆಳಕು ನುಗ್ಗಿತು. ರೀಲು ಕೆನೆಹಾಲಿನ ಬಣ್ಣಕ್ಕಿತ್ತು, ಅದರಲ್ಲಿ ಏನೂ ಇದ್ದಂತೆ ಕಾಣಲಿಲ್ಲ. ಮುಂದಿನ ಕೆಲಸಕ್ಕೆ ಕತ್ತಲು ಬೇಕಿರಲಿಲ್ಲ. ಅಂಗಳದಲ್ಲೇ, ತಾಯಿಯ ಕಣ್ಣೆದುರೇ ಮಾಸ್ತರ ಅದನ್ನು ಮತ್ತೆ ತೊಳೆದ. ನೋಡನೋಡುತ್ತ ಪಟ್ಟಿ ಕಪ್ಪಾಯಿತು. ಹೋಯಿತು ಎಂದುಕೊಂಡ. ಆಗ ಆ ಕಪ್ಪಿನ ನಡುವೆ ಒಂದು ಬೆಳ್ಳಗಿನ ಉಂಗುರ ಉಳಿಯಿತು. ಅದರ ಸುತ್ತ ಸೂರ್ಯನ ಬೆಳ್ಳಿ ಕೂದಲು ಹರಡಿಕೊಂಡಿತ್ತು. ಒಂದಲ್ಲ, ಪಟ್ಟಿಯುದ್ದಕ್ಕೂ ಹನ್ನೊಂದು ಉಂಗುರ. ಮಾಸ್ತರ ಮಕ್ಕಳ ಹಾಗೆ ಕೂಗಿಬಿಟ್ಟ. ಸೂಲಗಿತ್ತಿ ಪಟ್ಟಿಯ ಎರಡೂ ತುದಿ ಹಿಡಿದು ನೀರಿನಿಂದ ಎತ್ತಿದಳು. ಹೇಗೆ ಎತ್ತಬೇಕು ಎಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ.

ಮರು ವಾರ ಕೃಷಿ ಇಲಾಖೆಯಿಂದ ಸ್ಲೈಡ್ ತೋರಿಸುವ ಯಂತ್ರ ತಂದರು. ಊರೆಲ್ಲ ಶಾಲೆಯಲ್ಲಿ ನೆರೆಯಿತು. ಬಸ್ಸು ಹತ್ತಿ ಮುದುಕನೂ ಬಂದು ಮುಂದಿನ ಸಾಲಿನಲ್ಲಿ ಕುಳಿತ. ಕಿಟಕಿ ಬಾಗಿಲು ಹಾಕಿರಿ ಎಂದು ಅಪ್ಪಣೆ ಕೊಟ್ಟವಳು ಸೂಲಗಿತ್ತಿಯೇ. ಅವಳ ಮಾತಿಗೆ ಊರು ಎರಡನೆಯ ಸಲ ಬಾಗಿಲು ಹಾಕಿಕೊಂಡಿತು, ಈ ಸಲ ನೋಡುವುದಕ್ಕೆ.

ಗೋಡೆಯ ತುಂಬ ಗ್ರಹಣ ನಿಂತಿತು. ಗೌಡ ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

“ಅಯ್ಯ, ಇಷ್ಟು ಚೆಂದ ಇತ್ತೇನೋ!” ಎಂದಳು ಸೂಲಗಿತ್ತಿ. “ನಾವು ಒನಕಿ ಮಾರಿ ನೋಡಕೋತ ಕುಂತಿದ್ವಲ್ಲೋ!”

ಊರು ಬಿದ್ದು ಬಿದ್ದು ನಕ್ಕಿತು. ಚಪ್ಪಾಳೆ ಹೊಡೆಯಿತು, ಸಿಳ್ಳು ಹಾಕಿತು, ಇನ್ನೊಮ್ಮೆ ತೋರಿಸು ಎಂದು ಕೂಗಿತು. ಅಂದು ಆ ಊರಿಗೆ ಏಳು ಸಲ ಗ್ರಹಣ ಹಿಡಿದು ಏಳು ಸಲ ಬಿಟ್ಟಿತು. ಮುದುಕ ಮಾತ್ರ ಕಣ್ಣೊರೆಸಿಕೊಂಡು, ಐದನೆಯದನ್ನು ಮಾಡಿದಿರಿ ಹಾಗಾದರೆ ಎಂದ. ಮುಂದೆ ಆ ಸೀಮೆಯಲ್ಲಿ ಯಾರ ಬಳಿ ಅಂಥ ರೀಲು ಉಳಿದಿದ್ದರೂ ಅದು ಮಾಸ್ತರನ ಕಾಳಿನ ಕೋಣೆಗೆ ಬರತೊಡಗಿತು.

ಗುರುಗಳು ಕತೆ ಮುಗಿಸಿ ಮೊರವನ್ನು ತೊಡೆಯ ಮೇಲೆ ಎಳೆದುಕೊಂಡರು.

ನಿರುಪಾದಿ ತಲೆದೂಗಿದ. “ಖರೇ ಐತ್ರಿ ಅಜ್ಜಾರ. ಆದ್ರ ಆ ಮಾಸ್ತರಗ ಬಾಗಲಾ ಬಡದು ಕರಿಯಾಕ ಅವ್ವ ಇದ್ಲು. ನನಗ್ಯಾರದಾರ್ರಿ?”

ಗುರುಗಳು ಬೇಳೆಯಿಂದ ತಲೆ ಎತ್ತಲಿಲ್ಲ.

“ಎಂಟು ಸಲ ನಾ ಬಡದೀನಿ, ಚಿಲಕ ಯಾವ ಕಡೆ ಐತಿ ತಮ್ಮಾ?”

ನಿರುಪಾದಿ ಎದ್ದು ಹೋಗಿ ಗೂಟದ ಮೇಲಿನ ತಂಬೂರಿ ಇಳಿಸಿಕೊಂಡ.