ಕೊನೆಯ ಎಲೆಯ ಸಾರು

ಕರಾರು ಇಷ್ಟೇ: ನಲವತ್ತು ದಿನ ಉಗ್ರಾಣ ನಡೆಸಿ ತೋರಿಸಿದರೆ, ಹೊಳೆದಂಡೆಯ ಆ ಮಠದ ಪೀಠ ಶಿಷ್ಯ ಗುರುಪಾದನಿಗೆ.

ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡ ಮೊದಲ ದಿನವೇ ಅವನು ಅಡುಗೆಯ ಉಪ್ಪನ್ನು ಅರ್ಧಕ್ಕಿಳಿಸಿದ. ವೈರಾಗಿಗಳಿಗೆ ಅಷ್ಟು ಸಾಕು ಎಂದ.

ನಲವತ್ತನೆಯ ದಿನ ಮಧ್ಯಾಹ್ನ, ಪಂಕ್ತಿಗೆ ಬಡಿಸಿ ಮುಗಿದಿತ್ತು. ಮಠದ ಗುರುಗಳು, ಎಲ್ಲರ ಅಜ್ಜಾರು, ಕೇಳಿದರು:

"ಹೆಂಗ ನಡೀತಪಾ?"

"ಒಂದು ತಕರಾರಿಲ್ರಿ ಅಜ್ಜಾರ. ಮೊದಲೆಲ್ಲಾ ದಿನಕ್ಕ ಹತ್ತು ಜಗಳ. ಈಗ ನಾ ಬಂದರ ಎಲ್ಲಾರೂ ನಗತಾರ."

ಅಜ್ಜಾರ ಮುಖ ಸಣ್ಣದಾಯಿತು.

"ಏಳು. ಕೊನೆಗೆ ಕುಂತಾನಲ್ಲ ಚನವೀರಯ್ಯ, ಅವನ ಎಲಿಗೆ ನೀ ಕೂಡು. ನಿನ್ನ ಎಲಿಗೆ ಅವನು ಬರಲಿ."

ಅಡುಗೆಯ ಸಂಗಯ್ಯನ ಕೈಯಲ್ಲಿ ಸೌಟು ನಿಂತಲ್ಲೇ ನಿಂತಿತು.

ಗುರುಪಾದ ಒಂದು ತುತ್ತು ಬಾಯಿಗಿಟ್ಟ. ಸಾರು ಬರೀ ಸಪ್ಪೆ.

ಅತ್ತ ಮುದುಕ ಚನವೀರಯ್ಯ ಕಣ್ಣು ಮುಚ್ಚಿಕೊಂಡು, ಬೆರಳು ನೆಕ್ಕಿ ಉಣ್ಣುತ್ತಿದ್ದ.

"ಸಂಗಯ್ಯಾ, ಏನಿದು?"

"ನೀವು ಕೊಟ್ಟ ಉಪ್ಪು ಎಲ್ಲಾರಿಗೂ ಸಾಲತಿದ್ದಿಲ್ರಿ. ನಿಮ್ಮ ಸಾರು ಬ್ಯಾರೆ ಗಡಿಗ್ಯಾಗ ಮಾಡತಿದ್ದೆ."

"ನಾ ಹೇಳಿದ್ದೆನೇನು ಹಂಗ ಮಾಡು ಅಂತ?"

"ಇಲ್ರಿ. ನೀವು ಹೇಳೂತನಕ ಕಾಯೂದು ಹೆಂಗ್ರಿ?"

ಗುರುಪಾದ ಮುದುಕನ ಕಡೆ ತಿರುಗಿದ. "ನೀನರ ಹೇಳಬೇಕಿಲ್ಲೇನು?"

"ಮೊದಲನೇ ದಿನ ಹೇಳಿದ್ನಲ್ರಿ. ಸನ್ಯಾಸಿ ನಾಲಿಗಿ ಇಷ್ಟುದ್ದ ಆತೇನು ಅಂದ್ರಿ. ಪಂಕ್ತಿಗೆ ಪಂಕ್ತಿನೇ ನಕ್ಕಿತು."

"ನೀನು?"

"ನಾನೂ ನಕ್ಕೆರಿ."

ನಲವತ್ತು ದಿನದ ಹಿಂದೆ ಇದೇ ಮುದುಕ ಅವನನ್ನು 'ಏನೋ ತಮ್ಮಾ' ಎಂದು ಕರೆಯುತ್ತಿದ್ದ.

ಗುರುಪಾದ ಕೀಲಿ ಬಿಚ್ಚಿ ಅಜ್ಜಾರ ಮುಂದಿಟ್ಟ. "ನನಗ ಪೀಠ ಬ್ಯಾಡ್ರಿ. ನಾಳಿಂದ ಈ ಕೊನೀ ಎಲಿಗೇ ಕೂಡತೇನಿ."

"ಕೂಡು. ಸಂಗಯ್ಯ ಆ ಗಡಿಗಿ ಹೊತಗೊಂಡು ಅಲ್ಲಿಗೇ ಬರತಾನ."

ಸಂಗಯ್ಯ ನೆಲ ನೋಡಿದ.

"ನಿಮಗ ಇದು ಹೆಂಗ ತಿಳೀತ್ರಿ?" ಗುರುಪಾದ ಅಜ್ಜಾರನ್ನು ಕೇಳಿದ.

"ಎಲ್ಲಾರೂ ನಗತಾರ ಅಂದೆಲ್ಲ, ಆಗ. ನಾ ಬಂದರೂ ಮೂವತ್ತು ವರ್ಷದಿಂದ ನಗತಾರ. ನನ್ನ ಎಲಿಗೆ ಎಂದೂ ಉಪ್ಪು ಕಡಿಮಿ ಬಿದ್ದಿಲ್ಲ."

ಅಜ್ಜಾರು ಕೀಲಿಯನ್ನು ಅವನ ಕಡೆಗೇ ಸರಿಸಿದರು.

"ಉಪ್ಪು ಎಷ್ಟು ಉಳೀತು?"

"ಆರು ಸೇರು."

"ಹಂಗಾರ ಗಳಿಸಿದ್ದು ಆರು ಸೇರು ಉಪ್ಪು, ಒಂದು ಪೀಠ. ತಮ್ಮಾ ಅನ್ನೋ ಮುದುಕ ಒಬ್ಬ ಇದ್ದ, ಅವನು ಖರ್ಚಾದ."