ಹೊಳೆಗೆ ಅಕ್ಷತೆ ಕೊಟ್ಟು ಕರೆದ ಆಪತ್ತು ದಳ

ಒಂದಾನೊಂದು ಊರಿನಲ್ಲಿ, ಅಂದರೆ ನಮ್ಮ ತೇಲುಗುಂಡಿಯಲ್ಲೇ, ಹೊಳೆ ಇನ್ನೂ ಮನುಷ್ಯರ ಜೊತೆ ಮಾತಾಡುತ್ತಿದ್ದ ಕಾಲದಲ್ಲಿ, ನೆರೆ ಬಂದರೆ ಮಂದಿಯನ್ನು ಉಳಿಸಲೆಂದು ಒಂದು ಆಪತ್ತು ದಳ ಇತ್ತು. ಮುಂದೆ ಸರಿದು ಕೂತ್ಕೊಳ್ರಿ. ಹಿಂದೆ ಕೂತವರು ಗಾಬರಿಯಾದರೆ ನನಗೆ ಕಾಣುವುದಿಲ್ಲ. ಗಾಬರಿ ಕಾಣದಿದ್ದರೆ ನನಗೆ ಕತೆ ಹೇಳಲು ಬರುವುದಿಲ್ಲ.

ದಳಕ್ಕೆ ಯಾರೂ ಹೇಳದೆ ತಾವಾಗಿಯೇ ಸೇರಿದವರು ಹನ್ನೊಂದು ಮಂದಿ. ಹತ್ತು ಮಂದಿ ಹಾಗೂ ಹೀಗೂ. ಹನ್ನೊಂದನೆಯವನು ನಾನು. ಹೆಚ್ಚಿಗೆ ಹೇಳುವುದಿಲ್ಲ, ನೋಡಿದರೆ ನಿಮಗೇ ತಿಳಿಯುತ್ತದೆ. ನಮಗೆಲ್ಲ ಗುರು ದುರಗಪ್ಪ ಮಾಸ್ತರು. ಸಾಲಿಯಲ್ಲಿ ಮೂವತ್ತು ವರ್ಷ ಡ್ರಿಲ್ಲು ಹೇಳಿಕೊಟ್ಟವರು. ಕೊರಳಲ್ಲಿ ಸೀಟಿ, ಕೈಯಲ್ಲಿ ಬೆತ್ತ.

ಮಾಸ್ತರು ಮೊದಲ ದಿನವೇ ಹೇಳಿದರು, "ಆಪತ್ತು ಬಂದಾಗ ಮಂದಿ ಮೊದಲು ಏನ್ ಮಾಡ್ತಾರ? ಗಾಬರಿ ಆಗ್ತಾರ. ಅದನ್ನ ಮೊದಲು ಶಿಸ್ತಿನಿಂದ ಕಲೀಬೇಕು."

ಕಲಿತೆವು. ಒಂದನೇ ಸೀಟಿಗೆ ಎಡಗೈ ಬಾಯಿ ಮೇಲೆ. ಎರಡನೇ ಸೀಟಿಗೆ ಬಲಗೈ ಎದೆ ಮೇಲೆ. ಮೂರನೇ ಸೀಟಿಗೆ ಎಲ್ಲರೂ ಒಂದೇ ಸ್ವರದಲ್ಲಿ "ಅಯ್ಯಯ್ಯೋ!" ಮೂರು ವರ್ಷ ಇದೇ ಪಾಠ. ಊರಿಗೆ ಊರೇ ಕಲಿಯಿತು. ಎಮ್ಮೆಗಳೂ ಮೂರನೇ ಸೀಟಿಗೆ ಬಾಯಿ ತೆರೆಯುತ್ತಿದ್ದವು. ನನ್ನ "ಅಯ್ಯಯ್ಯೋ" ಕೇಳಿ ಪಕ್ಕದ ಊರಿನವರು ಗಂಟುಮೂಟೆ ಕಟ್ಟಿಕೊಂಡು ಎರಡು ಸಲ ಗುಡ್ಡ ಹತ್ತಿದ್ದರು.

ಹೀಗಿರುವಾಗ ಒಂದು ದಿನ ದಳದ ಹಗ್ಗ ಮಾತಾಡಿತು.

"ಮೂರು ವರ್ಷದಿಂದ ಸುತ್ತಿಕೊಂಡು ಕೂತೀನಿ, ಸೊಂಟ ಹಿಡದೈತಿ. ನನ್ನ ಯಾವಾಗ ಎಳೀತೀರಿ? ಈ ವಾರ ನೆರಿ ಬರಲಿಲ್ಲ ಅಂದ್ರ ನಾ ಹೋಗಿ ಬಾವಿಯ ಕೊಡಕ್ಕ ಕಟ್ಟಿಸ್ಕೊಂಡು ಸುಖವಾಗಿರ್ತೀನಿ."

ಊರಿಗೆ ಊರೇ ಬೆಚ್ಚಿಬಿತ್ತು. ಹಗ್ಗ ಮಾತಾಡಿತಲ್ಲಾ ಎಂದಲ್ಲ. ಹಗ್ಗ ಹೇಳಿದ್ದು ನಿಜವಲ್ಲಾ ಎಂದು.

"ತಾಲೀಮು ಮಾಡೋಣ," ಎಂದರು ಮಾಸ್ತರು. "ಆದ್ರ ನೆರಿ ಇಲ್ಲದ ನೆರಿ ತಾಲೀಮು ಹೆಂಗ ಆಗತೈತಿ? ಹೆಣ್ಣಿಲ್ಲದ ಮದುವಿ ಆಗತೈತೇನು? ಹೊಳೆವ್ವನ್ನ ಕರೀರಿ. ಸೋಮವಾರ ಹತ್ತು ಗಂಟೆಗೆ ಬರಲಿ, ಹನ್ನೊಂದಕ್ಕ ಹೋಗಲಿ."

ಆಗ ಎದ್ದು ನಿಂತವಳು ಕುರಿ ಸಾಕುವ ಪಾರವ್ವ. ದಂಡೆಗೆ ಎಲ್ಲಕ್ಕಿಂತ ಹತ್ತಿರ ಅವಳದೇ ಮನೆ. ಮಗಳು ಯಂಕವ್ವ ಹೆರಿಗೆಗೆಂದು ತವರಿಗೆ ಬಂದಿದ್ದಳು. ದಿನ ತುಂಬಿತ್ತು.

"ಏ ಮಾಸ್ತರ, ನಿಮ್ಮ ಹಗ್ಗಕ್ಕ ಸೊಂಟ ಹಿಡದ್ರ ಎಣ್ಣಿ ತಿಕ್ಕ್ರಿ. ನನ್ನ ಮಗಳು ಇವತ್ತೋ ನಾಳಿನೋ ಅನ್ನೂ ಹಂಗ ಅದಾಳ. ಅಕಿಗಿ ಏನರ ಆದ್ರ ನಿಮ್ಮನ್ನ ಹನ್ನೊಂದೂ ಮಂದಿನ್ನ ಕುರಿ ಕಟ್ಟಿದಂಗ ಕಟ್ಟಿ ಹೊಳಿಗೆ ಬಿಡ್ತೀನಿ."

"ಪಾದ ಮುಳುಗೂವಷ್ಟ ನೀರು ಸಾಕು, ಪಾರವ್ವ," ಎಂದರು ಮಾಸ್ತರು. "ತಾಲೀಮಿಗೆ ಯಾಕ ಹೆಚ್ಚು?"

ಕರೆಯಲು ಯಾರು ಹೋಗಬೇಕು? ನಾನೇ. ಮದುವೆ ಇರಲಿ, ಸೀಮಂತ ಇರಲಿ, ಊರಿನ ಕರೆಯೋಲೆಯೆಲ್ಲ ನನ್ನ ಕೈಯಿಂದಲೇ. ನಾನು ಕರೆದ ಊಟಕ್ಕೆ ಬರದೇ ಇದ್ದವನು ಇನ್ನೂ ಹುಟ್ಟಿಲ್ಲ. ಒಬ್ಬ ಸತ್ತು ಮೂರು ದಿನವಾದವನೂ ಬಂದು ಎರಡು ಸಲ ಪಾಯಸ ಬಡಿಸಿಕೊಂಡು ಹೋಗಿದ್ದಾನೆ.

ಅರಿಶಿನ, ಕುಂಕುಮ, ಅಕ್ಷತೆ ತಟ್ಟೆಯಲ್ಲಿಟ್ಟುಕೊಂಡು ದಂಡೆಗೆ ಹೋದೆ. "ಹೊಳೆವ್ವಾ, ಸೋಮವಾರ ನಮ್ಮೂರಿಗೆ ಬರಬೇಕು. ಪಾದ ಮುಳುಗೂವಷ್ಟ."

ಹೊಳೆ ಹರಿಯುವುದನ್ನೇ ನಿಲ್ಲಿಸಿತು. ಮೀನುಗಳು ಒಂದರ ಬೆನ್ನಿಗೆ ಒಂದು ಡಿಕ್ಕಿ ಹೊಡೆದವು.

"ನನ್ನ? ಕರ್ಯಾಕ ಬಂದೀರಿ? ಅಕ್ಷತೆ ಕೊಟ್ಟು?" ಹೊಳೆವ್ವ ಅಳತೊಡಗಿದಳು. "ಸಾವಿರ ವರ್ಷದಿಂದ ನಾನ ಕರೀದ ಬಂದು ಬೈಸ್ಕೊಂಡು ಹೋಗೇನಿ. ಒಬ್ಬರರ ಬಾ ಅಂದಿಲ್ಲ."

ಅವಳು ಹಾಗೆ ಅತ್ತಾಗ ನನ್ನ ಮನಸ್ಸು ಕರಗಿತು. ರೂಢಿಯಂತೆ ಬಾಯಿಂದ ಬಂದೇಬಿಟ್ಟಿತು, "ಮನಿ ಮಂದಿ ಎಲ್ಲಾ ಬರ್ರಿ ಯವ್ವಾ. ಒಲಿ ಹಚ್ಚಬ್ಯಾಡ್ರಿ."

ಕರೆಯಲು ಹೋದವನು ಇಷ್ಟು ಹೇಳದಿದ್ದರೆ ಅದು ಕರೆಯೇ? ನೀವೇ ಹೇಳಿ.

ಸೋಮವಾರ ಸರಿಯಾಗಿ ಹತ್ತು ಗಂಟೆಗೆ ಹೊಳೆವ್ವ ಬಂದಳು. ಪಾದ ಮುಳುಗುವಷ್ಟೇ. ಮಾಸ್ತರು ಗಡಿಯಾರ ನೋಡಿ ಮೆಚ್ಚಿ ತಲೆದೂಗಿದರು.

ಹಿಂದೆಯೇ ಹೊಳೆವ್ವನ ಅಕ್ಕ ಬಂದಳು. ಅವಳೂ ಪಾದ ಮುಳುಗುವಷ್ಟೇ. ತಂಗಿಯ ಮೇಲೆ ಕೂತಳು.

ಆಮೇಲೆ ನಾದಿನಿ. ಪಾದ ಮುಳುಗುವಷ್ಟೇ. ಅಕ್ಕನ ಮೇಲೆ ಕೂತಳು.

ಆಮೇಲೆ ಸೊಸೆಯಂದಿರು, ಸೋದರತ್ತೆಯರು, ಹಳ್ಳದವರು, ಕೊಳ್ಳದವರು, ಕಾಲುವೆಗೆ ಕೊಟ್ಟ ಹೆಣ್ಣುಮಕ್ಕಳು, ಅವರ ಕಂಕುಳಲ್ಲಿ ಸುಳಿಗಳು. ಒಟ್ಟು ನಲವತ್ತು ಮಂದಿ. ಒಬ್ಬೊಬ್ಬರೂ ಪಾದ ಮುಳುಗುವಷ್ಟೇ. ಒಬ್ಬರ ಮೇಲೊಬ್ಬರು.

"ಮಾತು ಮೀರಿ ಬಂದೀರಿ!" ಎಂದು ಮಾಸ್ತರು ದಿಬ್ಬ ಹತ್ತುತ್ತಾ ಕೂಗಿದರು.

"ಮೀರಿದವರು ಯಾರು ತೋರಿಸ್ರಿ," ಎಂದಳು ಹೊಳೆವ್ವ ಎಲ್ಲರ ಕೆಳಗಿನಿಂದ. "ಬೇಕಾದ್ರ ಒಬ್ಬೊಬ್ಬರನ್ನ ಅಳೀರಿ."

ಅಳೆದೆವು. ಒಬ್ಬರೂ ಮೀರಿರಲಿಲ್ಲ. ನಮ್ಮ ಮನೆಗಳು ಮಾತ್ರ ಮುಳುಗಿದ್ದವು.

ಊರಿನವರೆಲ್ಲ ದಿಬ್ಬದ ಮೇಲಿದ್ದೆವು, ಇಬ್ಬರನ್ನು ಬಿಟ್ಟು. ಪಾರವ್ವನ ಮನೆಯ ಕಡೆಯಿಂದ ಒಂದು ಹೊರಸು ಮಂಚ ತೇಲುತ್ತಾ ಬಂತು. ಹೊರಸಿನ ಮೇಲೆ ಯಂಕವ್ವ. ಅವಳಿಗೆ ಬೇನೆ ಶುರುವಾಗಿತ್ತು. ಪಕ್ಕದಲ್ಲಿ ಪಾರವ್ವ ಮಗಳ ಸೊಂಟ ಹಿಡಿದು ಕೂತಿದ್ದಳು. ಹೊರಸು ನಡುಹೊಳೆಯ ಕಡೆಗೆ ತಿರುಗಿತು.

ಮಾಸ್ತರು ಸೀಟಿ ಊದಿದರು. ಒಂದು! ಎಲ್ಲರ ಎಡಗೈ ಬಾಯಿ ಮೇಲೆ. ಎರಡು! ಎಲ್ಲರ ಬಲಗೈ ಎದೆ ಮೇಲೆ. ಮೂರು! "ಅಯ್ಯಯ್ಯೋ!" ಅಂಥ ಅಯ್ಯಯ್ಯೋ ಇಂದಿಗೂ ಆಗಿಲ್ಲ. ಒಂದು ಸ್ವರ ಆಚೆಗಿಲ್ಲ, ಈಚೆಗಿಲ್ಲ.

ಹಗ್ಗ ತಾನೇ ನೀರಿಗೆ ಹಾರಿತು. ಸೊಂಟ ನೋವು ಮರೆತು ಈಜಿ, ಹೊರಸಿನ ಕಾಲಿಗೆ ಸುತ್ತಿಕೊಂಡಿತು. ಇನ್ನೊಂದು ತುದಿ ದಿಬ್ಬಕ್ಕೆ ಬಂದು ನಮ್ಮ ಮುಂದೆ ಹೆಡೆ ಎತ್ತಿತು.

"ಹಿಡೀರೋ!"

"ಕೈ ಖಾಲಿ ಇಲ್ಲ," ಎಂದೆ ನಾನು, ಬೆರಳ ಸಂದಿಯಿಂದ.

"ಇನ್ನೊಂದು ಕೈ?" ಎಂದು ಹೊರಸಿನಿಂದ ಪಾರವ್ವ ಚೀರಿದಳು.

"ಅದು ಎದಿ ಮ್ಯಾಲ ಐತಿ. ಎರಡನೇ ಸೀಟಿ ಆಗೇತಿ, ಪಾರವ್ವ."

"ಮಾಸ್ತರ! ನಾಕನೇ ಸೀಟಿ ಊದ್ರಿ!"

"ನಾಕನೇದು ಇನ್ನೂ ಪಾಠದಾಗ ಬಂದಿಲ್ಲ!" ಮಾಸ್ತರ ಕಣ್ಣಲ್ಲಿ ನೀರು.

ಯಂಕವ್ವ ಒಂದು ಸಲ ಕೂಗಿದಳು. ಅದು ಪಾಠದ ಕೂಗಲ್ಲ. ಆದರೂ ನನ್ನ ಕೈ ಕದಲಲಿಲ್ಲ. ಮೂರು ವರ್ಷ ಕಲಿತ ಕೈ.

ಆಗ ಪಾರವ್ವ ಎರಡು ಬೆರಳು ಬಾಯಿಗಿಟ್ಟು, ಕುರಿ ಹಿಂಡನ್ನು ತಿರುಗಿಸುವಾಗ ಊದುವಂತೆ ಸಿಳ್ಳೆ ಹೊಡೆದಳು. ನಾಲ್ಕನೇದು! ನಾಲ್ಕನೇದಕ್ಕೆ ಎಲ್ಲಿರಬೇಕು ಎಂದು ಕೈಗಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದಾರಿ ಕಾಣದೆ ಅಷ್ಟೂ ಕೈಗಳು ಜೋಲುಬಿದ್ದವು. ಹಗ್ಗ ತಕ್ಷಣ ಅವುಗಳೊಳಗೆ ನುಗ್ಗಿತು.

ಎಳೆದೆವು. ಮುಂದೆ ನಾನು, ಹಿಂದೆ ಊರು. ಮಾಸ್ತರೂ ಎಳೆದರು, ಎಮ್ಮೆಗಳೂ ಎಳೆದವು. ಹೊರಸು ದಿಬ್ಬ ಮುಟ್ಟುವುದಕ್ಕೂ ಕೂಸು ಅಳುವುದಕ್ಕೂ ಸರಿಹೋಯಿತು. ಹೆಣ್ಣು ಕೂಸು.

ಆ ಅಳು ಕೇಳಿ ಹೊಳೆವ್ವ ಹೌಹಾರಿದಳು.

"ಹೆರಿಗಿ ಆತೇನು? ಇದ ಊರಾಗ? ಅಯ್ಯ ನನ್ನ ಕರ್ಮ! ನಮ್ಮ ಹೊಳಿ ಮಂದಿಯೊಳಗ ಹಡೆದ ಊರಿನ ನೀರು ಹತ್ತು ದಿನ ಮುಟ್ಟೂ ಹಂಗಿಲ್ಲ. ಸೂತಕ!"

"ಈ ಊರಿನ ನೀರು ಅಂದ್ರ ನೀನ ಅಲ್ಲೇನವ್ವ?" ಎಂದೆ.

"ಅದಕ್ಕ ಹೇಳಿದ್ದು! ಏ ಅಕ್ಕಾ, ನನ್ನ ಮುಟ್ಟಬ್ಯಾಡ, ಏಳ! ಏ ನಾದಿನಿ, ನೀ ಅಕ್ಕನ್ನ ಮುಟ್ಟಬ್ಯಾಡ!"

ಒಬ್ಬರ ಮೇಲೊಬ್ಬರು ಕೂತವರು ಕೆಂಡ ತುಳಿದವರಂತೆ ಹಾರಿದರು. ಒಬ್ಬರಿಗೊಬ್ಬರು ತಾಗದಂತೆ ಸೆರಗು ಎತ್ತಿಕೊಂಡು, ನಲವತ್ತು ಮಂದಿ ನಲವತ್ತು ದಾರಿ ಹಿಡಿದು ಓಡಿದರು. ಮೂರು ನಿಮಿಷದಲ್ಲಿ ಊರು ಒಣಗಿತು. ಹೋಗುವಾಗ ಹೊಳೆವ್ವ ತಿರುಗಿ ಕೂಗಿದಳು, "ಹನ್ನೊಂದನೇ ದಿನ ತೊಟ್ಟಿಲಕ್ಕ ಬರ್ತೀನಿ, ಪಾರವ್ವ!"

ಯಾವ ದಿನ ನೆರೆ ಬರುತ್ತದೆಂದು ಮೊದಲೇ ಗೊತ್ತಿದ್ದ ಊರು ಲೋಕದಲ್ಲಿ ನಮ್ಮದೊಂದೇ. ಹತ್ತು ದಿನ ನಾವು ಮೈಮುರಿದು ದುಡಿದೆವು. ಪಾರವ್ವನ ಮನೆಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ದಿಬ್ಬದ ಮೇಲೆ ಕಟ್ಟಿದೆವು. ಹನ್ನೊಂದನೇ ದಿನ ಹೊಳೆವ್ವ ಒಬ್ಬಳೇ ಬಂದಳು, ಪಾದ ಮುಳುಗುವಷ್ಟೇ. ದಿಬ್ಬದ ಬುಡದಲ್ಲಿ ನೊರೆಯಲ್ಲಿ ಹೆಣೆದ ಕುಲಾವಿ ಟೊಪ್ಪಿಗೆ ಇಟ್ಟು, ಕೂಸಿಗೆ ದೃಷ್ಟಿ ತೆಗೆದು, ಊಟ ಮುಗಿಸಿ ಹೋದಳು. ಯಾರ ಹೊಸ್ತಿಲೂ ನೆನೆಯಲಿಲ್ಲ.

ಮರುದಿನ ದಳದ ಸಭೆ. ಊರನ್ನು ಉಳಿಸಿದ್ದು ಯಾವುದು? ಸೀಟಿಯಲ್ಲ. ಹಗ್ಗ ಅರ್ಧ. ಪೂರ್ತಿ ಉಳಿಸಿದ್ದು ಹೆರಿಗೆ. ಆದ್ದರಿಂದ ಪ್ರತಿ ಮಳೆಗಾಲಕ್ಕೂ ಊರಿನಲ್ಲಿ ಒಂದು ಹೆರಿಗೆ ಆಗಲೇಬೇಕೆಂದು ಮಾಸ್ತರು ಠರಾವು ಬರೆದರು.

ಹೊಸ ಸೊಸೆಯಂದಿರು ತತ್ತರಿಸಿದರು. ಪಾರವ್ವ ಮಾತ್ರ ಮೊಮ್ಮಗಳನ್ನು ತೊಡೆಯ ಮೇಲೆ ತಟ್ಟುತ್ತಾ, "ಭಾಳ ಚಲೋ ಠರಾವು," ಎಂದಳು. "ತಾವಾಗಿ ಮುಂದ ಬಂದವರ ದಳ ಅಲ್ಲೇನು ಇದು? ಹಂಗಾರ ಹಡಿಯೂದು ದಳದವರ ಕೆಲಸ. ಬರೀರಿ ಸರದಿ. ಮೊದಲನೇ ಹೆಸರು ದುರಗಪ್ಪ ಮಾಸ್ತರು."

ಊರೆಲ್ಲ ಕೈ ಎತ್ತಿ ಒಪ್ಪಿತು. ಮಾಸ್ತರು ಆ ವರ್ಷ ಸರದಿಯಿಂದ ಪಾರಾದರು, ಹೇಗೆಂದು ನಾನು ಹೇಳಲಾರೆ, ಅವರು ಮರ್ಯಾದಸ್ಥರು. ಈ ವರ್ಷದ ಸರದಿ ನನ್ನದು.

ಯಾಕೆ ಕಣ್ಣು ಬಿಡುತ್ತೀರಿ? ಇಷ್ಟು ದಿನ ಈ ಹೊಟ್ಟೆಯನ್ನು ನೀವು ಹೋಳಿಗೆಯ ಹೊಟ್ಟೆ ಎಂದುಕೊಂಡಿದ್ದಿರೇನು? ಏಳು ತಿಂಗಳು! ಮೆಲ್ಲಗೆ ಕೈ ಹಿಡಿದು ಎಬ್ಬಿಸಿರಿ.

ಇದರ ನೀತಿ ಇಷ್ಟೇ: ಸೇವೆ ಮಾಡಲು ಮುಂದೆ ಬರುವ ಮುನ್ನ ಠರಾವನ್ನು ಕೊನೆಯವರೆಗೂ ಓದಿಕೊಳ್ಳಿ. ಕತೆ ಇಲ್ಲಿಗೆ ಇಂಗಿತು. ಕೇಳಿದವರ ಅಂಗಳ ಒಣಗಿರಲಿ, ನಂಬದವರ ಚಪ್ಪಲಿ ತೇಲಿಹೋಗಲಿ.